ಎರಡು ಕೆಲಸ ಕಲಿತ ಗುಂಡಿ

ಪಾರ್ಶ್ವವಾಯು ಬಡಿದ ಚೆನ್ನವೀರಯ್ಯನವರಿಗೆ ಆಡುತ್ತಿದ್ದುದು ಒಂದೇ ಬೆರಳು. ಅವರಿಗಾಗಿ ಆಸ್ಪತ್ರೆಯ ಮೆಕ್ಯಾನಿಕ್ ಫ್ಲೋರಿನ್, ಹಾಸಿಗೆ ಪಕ್ಕದ ಇಂಟರ್‌ಕಾಂ ಗುಂಡಿಗೆ ಎರಡು ಕೆಲಸ ಕಲಿಸಿದಳು: ಒಮ್ಮೆ ಒತ್ತಿದರೆ ಅವರ ದನಿ ನರ್ಸ್ ಕೋಣೆಗೆ ಕೇಳಬೇಕು, ಮತ್ತೆ ಒತ್ತಿದರೆ ನಿಲ್ಲಬೇಕು.

ನರ್ಸ್ ಕೋಣೆಯ ಸ್ಪೀಕರ್ ನಕ್ಕಿತು. "ಈಗ ಹೌದೆನ್ನುವೆ, ಮರುಗಳಿಗೆ ಇಲ್ಲವೆನ್ನುವೆ. ನಿನ್ನನ್ನು ನಂಬುವುದು ಹೇಗೆ?"

ಗುಂಡಿಗೆ ನಾಚಿಕೆಯಾಯಿತು.

ಒಂದು ಮಧ್ಯಾಹ್ನ ಚೆನ್ನವೀರಯ್ಯನವರಿಗೆ ಕಫ ಕಟ್ಟಿ ಉಸಿರು ಸಿಕ್ಕಿಕೊಂಡಿತು. ಬೆರಳು ಒತ್ತಿದ್ದೇ ತಡ, ಗುಂಡಿ ದಾರಿ ತೆರೆಯಿತು. ಗೊರಗೊರ ಸದ್ದು ಕೇಳಿ ನರ್ಸ್ ಓಡಿಬಂದಳು, ಕಫ ತೆಗೆದು ಅವರನ್ನು ಉಳಿಸಿದಳು. ಅವಳು ಹೋದ ಮೇಲೆ ಮುದುಕರಿಗೆ ಅಳು ಒತ್ತರಿಸಿ ಬಂತು. ಯಾರಿಗೂ ಕೇಳಿಸಬಾರದೆಂದು ಮತ್ತೆ ಒತ್ತಿದರು. ಗುಂಡಿ ದಾರಿ ಮುಚ್ಚಿತು. ಅವರು ಮನಸಾರೆ ಅತ್ತು ಹಗುರಾಗಿ, "ದೊಡ್ಡ ಉಪಕಾರ ಮಾಡಿದೆಯಪ್ಪಾ" ಎಂದು ಗುಂಡಿಯನ್ನು ಸವರಿದರು.

ಸಂಜೆ ಸ್ಪೀಕರ್ ಕೇಳಿತು: "ನನ್ನ ಬಾಯಿ ಕಟ್ಟಿದ ಮೇಲೆ ಅಲ್ಲಿ ಏನಾಯಿತು?"

"ಅದನ್ನು ಯಾರಿಗೂ ಹೇಳದಿರಲೆಂದೇ ಫ್ಲೋರಿನ್ ನನಗೆ ಎರಡನೆಯ ಕೆಲಸ ಕಲಿಸಿದ್ದು" ಎಂದಿತು ಗುಂಡಿ. "ಆ ತಾಯಿ ತಣ್ಣಗಿರಲಿ."