ಉಳಿದ ಸೊಪ್ಪು

ಹೊಳೆದಂಡೆಯ ಆ ಮಠದಲ್ಲಿ ಕಾವಿ ಬೇಡಿ ಬಂದವರ ಕೈಗೆ ಮೊದಲು ಸಿಗುತ್ತಿದ್ದದ್ದು ರೇಷ್ಮೆಹುಳ.

ಉಡುವ ಕಾವಿಗೆ ತಾನೇ ಹುಳ ಸಾಕಬೇಕು. ಗೂಡನ್ನು ಬೇಯಿಸುವಂತಿಲ್ಲ. ಚಿಟ್ಟೆ ತೂತು ಮಾಡಿಕೊಂಡು ಹೊರಟುಹೋದ ಮೇಲೆ, ಬಿಟ್ಟುಹೋದ ಗೂಡಿನಿಂದ ನೂಲು ತೆಗೆಯಬೇಕು. ಗೂಡು ಕಟ್ಟಿದ ದಿನ ಮುದ್ದುವೀರ ಸ್ವಾಮಿಗಳು ಬಂದು ನೋಡುತ್ತಾರೆ. ಒಪ್ಪಿದರೆ ಅವತ್ತೇ ದೀಕ್ಷೆಯ ಮಾತು ಕೊಡುತ್ತಾರೆ. ಮಾತು ಪಡೆದವನು ಮತ್ತೆ ಮನೆಗೆ ಮರಳುವಂತಿಲ್ಲ.

ಪರಶಿವನಿಗೆ ಅಷ್ಟು ಪುರುಸೊತ್ತಿರಲಿಲ್ಲ.

ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದವನು ಅವನು. ಒಂದು ಬೆಳಿಗ್ಗೆ ಅವ್ವ ಬಡಿಸಿದ ಊಟವನ್ನು ಅರ್ಧಕ್ಕೇ ಬಿಟ್ಟು, ಕೈ ತೊಳೆದು, ಹೇಳದೆ ಕೇಳದೆ ಮಠಕ್ಕೆ ಬಂದುಬಿಟ್ಟಿದ್ದ. ಹೇಳಿದರೆ ಅವಳು ಅಳುತ್ತಾಳೆ, ಅತ್ತರೆ ತಾನು ಕರಗುತ್ತೇನೆ ಎಂಬ ಭಯ ಅವನಿಗೆ. ಈಗ ಅವಳಿಗೆ ಅವನಿರುವ ಜಾಗ ಗೊತ್ತಾಗಿತ್ತು. ಹುಣ್ಣಿಮೆಗೆ ಬರುತ್ತೇನೆಂದು ಹೇಳಿ ಕಳಿಸಿದ್ದಳು.

ಅಷ್ಟರೊಳಗೆ ದೀಕ್ಷೆಯ ಮಾತು ಸಿಕ್ಕಿಬಿಟ್ಟರೆ ಅವಳು ಎಷ್ಟು ಅತ್ತರೂ ತಾನು ಅಲುಗುವ ಪ್ರಶ್ನೆಯೇ ಇಲ್ಲ ಎಂದು ಅವನು ಅಂದುಕೊಂಡಿದ್ದ.

ಆಗ ಹುಳಗಳು ಕೊನೆಯ ಜ್ವರಕ್ಕೆ ಕೂರುವ ಹೊತ್ತು. ಪೊರೆ ಬಿಡುವ ಮುಂಚೆ ಹುಳ ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿ, ಅಲುಗಾಡದೆ ಕೂತುಬಿಡುತ್ತದೆ. ಸಾಕುವವರು ಅದನ್ನೇ ಜ್ವರ ಎನ್ನುತ್ತಾರೆ.

"ಬುದ್ಧಿ, ಇದು ಬೇಗ ಆಗೋ ದಾರಿ ಇಲ್ವಾ?" ಎಂದು ಪರಶಿವ ಕೇಳಿದ.

"ಯಾವ್ದು ಬೇಗ ಆಗ್ಬೇಕು? ಹುಳವಾ, ನೀನಾ?" ಎಂದರು ಸ್ವಾಮಿಗಳು.

"ನಂದೆಲ್ಲ ಬುಟ್ಟಾಯ್ತು ಬುದ್ಧಿ. ಕೆಲ್ಸ ಬುಟ್ಟೆ, ಊರು ಬುಟ್ಟೆ, ತಲೆಕೂದ್ಲೂ ಬುಟ್ಟೆ."

ಸ್ವಾಮಿಗಳು ಹಿಂದಿನ ಜ್ವರದಲ್ಲಿ ಬಿದ್ದಿದ್ದ ಒಣ ಪೊರೆಯೊಂದನ್ನು ಹುಳದ ತಟ್ಟೆಯಿಂದ ಎತ್ತಿ ಬೆರಳ ತುದಿಯ ಮೇಲೆ ಇಟ್ಟುಕೊಂಡರು.

"ಇದೂ ಬುಟ್ಟದೆ. ಬುಟ್ಟು ಏನಾಯ್ತು?"

"ಹುಳವೇ ಆಯ್ತು ಬುದ್ಧಿ. ವಸಿ ದೊಡ್ಡ ಹುಳ."

"ಅದ್ಯಾಕೆ ಹಂಗೆ?"

ಪಾಠ ಹೇಳುವ ಚಪಲ ಪರಶಿವನಿಗೆ ಇನ್ನೂ ಹೋಗಿರಲಿಲ್ಲ. ಮುಖ ಅರಳಿತು.

"ಅದ್ರ ಮೈಯಲ್ಲಿ ಎರಡು ಹಾರ್ಮೋನ್ ಅವೆ ಬುದ್ಧಿ. ಒಂದು ಎಕ್ಡೈಸೋನ್. 'ಪೊರೆ ಬುಡು' ಅನ್ನೋದು ಅದು. ಇನ್ನೊಂದು ಬಾಲ್ಯದ ಹಾರ್ಮೋನ್. 'ನೀನಿನ್ನೂ ಮಗು' ಅಂತ ಇದು ಹೇಳ್ತಾನೇ ಇರ್ತದೆ. ಎರಡೂ ಇದ್ದಾಗ ಎಷ್ಟು ಸಲ ಪೊರೆ ಬುಟ್ರೂ ಹುಳ ಹುಳವೇ. ಬಾಲ್ಯದ್ದು ಬತ್ತಿದ ಮೇಲೆ ಎಕ್ಡೈಸೋನ್ ಏರಿದ್ರೆ ಗೂಡು ಕಟ್ಟಿ, ಒಳಗೆ ಕೋಶ ಆಗ್ತದೆ, ಆಮೇಲೆ ಚಿಟ್ಟೆ."

"ಈ ಪೊರೆ ಬುಡು ಅನ್ನೋದು ಎಲ್ಲಿಂದ ಬತ್ತದೆ?"

"ಎದೆ ಹತ್ರ ಇರೋ ಗ್ರಂಥಿ ಮಾಡ್ತದೆ ಬುದ್ಧಿ. ಅದಕ್ಕೆ ಕೊಲೆಸ್ಟರಾಲ್ ಬೇಕು. ಹುಳ ಅದನ್ನ ಮೊದಲಿಂದ ತಾನೇ ಮಾಡ್ಕೊಳ್ಳಾಕಾಗಲ್ಲ. ಅದರ ಮೂಲ ಸೊಪ್ಪಿಂದ್ಲೇ ಬರ್ಬೇಕು."

"ಅಂದ್ರೆ ತಿನ್ಬೇಕು," ಎಂದು ಸ್ವಾಮಿಗಳು ಪೊರೆಯನ್ನು ಊದಿ ಹಾರಿಸಿ, ಎದ್ದು ಹೋದರು.

ಪರಶಿವನ ತಲೆಯಲ್ಲಿ ಉಳಿದದ್ದು ಆ ಮಾತಲ್ಲ. ಎಕ್ಡೈಸೋನಿನಂಥದೇ ವಸ್ತು ಉತ್ತರಾಣಿಯಂಥ ಕೆಲವು ಗಿಡಗಳಲ್ಲೂ ಇರುತ್ತದೆ ಎಂದು ಅವನು ಓದಿದ್ದ. ಮಠದ ಬೇಲಿಗುಂಟ ಉತ್ತರಾಣಿ ಸೊಂಟದೆತ್ತರ ಬೆಳೆದಿತ್ತು, ಹೋಗಿಬರುವವರ ಪಂಚೆಗೆಲ್ಲ ಅದರ ಬೀಜ.

ಬೇರು ಕಿತ್ತ, ಜಜ್ಜಿದ, ಕುದಿಸಿದ, ಹೆಗಲ ಮೇಲಿನ ಟವಲಿನಲ್ಲೇ ಸೋಸಿದ. ಅಡುಗೆಮನೆಯಲ್ಲಿ ಸಾರಿಗೆ ಜಾಗವಿಲ್ಲದಂತಾಯಿತು. ಅಡುಗೆಯವರು ಬೈದದ್ದು ಅವನ ಕಿವಿಗೆ ಬೀಳಲೇ ಇಲ್ಲ.

ಜ್ವರದಿಂದ ಎದ್ದ ಹುಳಗಳು ಹಸಿದು ಸೊಪ್ಪಿಗೆ ಮುಗಿಬಿದ್ದವು. ಇದೇ ಹುಳ ಹೊಟ್ಟೆ ತುಂಬ ತಿನ್ನುವ ಕಾಲ. ಅವು ಇನ್ನೂ ತಿನ್ನುತ್ತಿರುವಾಗಲೇ ಪರಶಿವ ಕಷಾಯವನ್ನು ಸೊಪ್ಪಿಗೆ ಚಿಮುಕಿಸಿದ.

ಹುಳಗಳು ಮೇಯುವುದನ್ನು ನಿಲ್ಲಿಸಿದವು. ತಲೆಯೆತ್ತಿ ಅತ್ತ ಇತ್ತ ಆಡಿಸುತ್ತ ದಾರಿ ಹುಡುಕಿದವು. ಗೂಡು ಕಟ್ಟಲೆಂದು ಹೆಣೆದ ಬಿದಿರಿನ ಚಂದ್ರಿಕೆಯ ಮೇಲೆ ಬಿಟ್ಟದ್ದೇ ತಡ, ನೂಲು ಬಿಡತೊಡಗಿದವು. ಪರಶಿವ ಕುಣಿಯುವುದೊಂದು ಬಾಕಿ.

ಹುಣ್ಣಿಮೆಯ ಬೆಳಿಗ್ಗೆ ಅವನೇ ಓಡಿಹೋಗಿ ಸ್ವಾಮಿಗಳನ್ನು ಕರೆತಂದ.

ಸ್ವಾಮಿಗಳು ಚಂದ್ರಿಕೆಯ ಕಡೆ ನೋಡಲಿಲ್ಲ. ಮೂಲೆಯಲ್ಲಿದ್ದ ತಟ್ಟೆಗಳ ಹತ್ತಿರ ಹೋಗಿ ನಿಂತರು. ಹುಳವಿಲ್ಲದ ತಟ್ಟೆಗಳಲ್ಲಿ ಸೊಪ್ಪು ರಾಶಿಯಾಗಿ ಬಿದ್ದು ಬಾಡುತ್ತಿತ್ತು.

"ಇದು ಯಾರ್ ಪಾಲಿಂದು?"

"ಹುಳಕ್ಕೆ ತಂದಿದ್ದು ಬುದ್ಧಿ. ತಿನ್ನೋದ್ ಬುಟ್ಬುಟ್ಟೊ."

"ಹೊಟ್ಟೆ ತುಂಬಿತ್ತಾ?"

ಪರಶಿವ ತಲೆ ತಗ್ಗಿಸಿದ. ಗೂಡನ್ನೂ ಕಟ್ಟಲಾಗದೆ ಕಪ್ಪಾಗಿ ಸತ್ತ ಹುಳಗಳು ಚಂದ್ರಿಕೆಯ ಕೆಳಗೆ ಬಿದ್ದಿದ್ದವು. ಇಷ್ಟು ಹೊತ್ತು ಅವನು ಅವನ್ನು ನೋಡಿಯೂ ನೋಡದ ಹಾಗಿದ್ದ. ಈಗ ನಾಚಿಕೆಯಾಯಿತು. ಉತ್ತರಾಣಿಯ ಕಥೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟ.

ಸ್ವಾಮಿಗಳು ಬೈಯಲಿಲ್ಲ. ಚಂದ್ರಿಕೆಯಿಂದ ಒಂದು ಗೂಡು ಬಿಡಿಸಿ ಬಿಸಿಲಿಗೆ ಹಿಡಿದರು. ಎಷ್ಟು ತೆಳುವೆಂದರೆ ಒಳಗಿನ ಕೋಶದ ನೆರಳು ಹೊರಗೇ ಕಾಣುತ್ತಿತ್ತು.

"ಇಷ್ಟೂ ಗೂಡು ನೂತ್ರೆ ಎಳೆಕೂಸಿನ ತಲೆಗೆ ಒಂದು ಕುಲಾವಿ ಆದೀತು," ಎಂದರು.

ಅಷ್ಟರಲ್ಲಿ ಹೊರಗೆ ಬಾಗಿಲ ಹತ್ತಿರ ಹೆಂಗಸೊಬ್ಬಳ ದನಿ ಕೇಳಿತು. ಪರಶಿವನಿಗೆ ಆ ದನಿ ಯಾರದೆಂದು ಹೇಳಬೇಕಿರಲಿಲ್ಲ. ಬಗ್ಗಿ ಸ್ವಾಮಿಗಳ ಪಾದ ಹಿಡಿದುಕೊಂಡ.

"ಬುದ್ಧಿ, ಈಗ್ಲೇ ಮಾತು ಕೊಟ್ಬುಡಿ. ಅವ್ವ ಅತ್ತು ಕರೆದ್ರೆ ನಾನು ಹೊಂಟೋಯ್ತೀನಿ. ನಂಗೇ ನನ್ ಮೇಲೆ ನಂಬ್ಕೆ ಇಲ್ಲ."

ಹೊರಗಿನ ದನಿ ಹತ್ತಿರವಾಯಿತು.

"ಬುದ್ಧಿ, ನನ್ ಕೂಸು ಒಳಗದಾ? ಕರ್ಕೊಂಡೋಗಾಕೆ ಬಂದಿಲ್ಲ ಬುದ್ಧಿ, ಹೆದ್ರುಬ್ಯಾಡ ಅನ್ನಿ. ಅವತ್ತು ಅರ್ಧ ಊಟಕ್ಕೇ ಎದ್ದೋಯ್ತು. ಅವತ್ತಿಂದ ನಂಗೂ ಅನ್ನ ಇಳೀತಿಲ್ಲ. ಒಂದ್ ತುತ್ತು ಉಣ್ಸಿ ಹೊಂಟೋಯ್ತೀನಿ."

ಬುತ್ತಿಯ ಗಂಟು ಜಗಲಿಯ ಮೇಲೆ ಇಳಿದ ಸದ್ದಾಯಿತು. ಪರಶಿವನಿಗೆ ಅಳು ತಡೆಯಲಾಗಲಿಲ್ಲ, ತಡೆಯಲು ನೋಡಲೂ ಇಲ್ಲ.

"ಅವ್ವನ ಹತ್ರ ಹೋದ್ಮೇಲೆ ನಾನು ತಿರ್ಗ ಬರ್ದೇ ಇದ್ರೆ ಬುದ್ಧಿ?"

ಸ್ವಾಮಿಗಳು ತಟ್ಟೆಯಿಂದ ಒಂದು ಹಿಡಿ ಸೊಪ್ಪು ಎತ್ತಿ ಅವನ ಬೊಗಸೆಗೆ ಹಾಕಿದರು.

"ನಿನ್ ಪಾಲಿನ್ ಸೊಪ್ಪು ಇನ್ನೂ ಉಳಿದದೆ ಮಗ. ಮೊದ್ಲು ಉಣ್ಣೋಗು."