‘ಇದ್ದೇನೆ’ ಎಂದು ಕೂಗಿದ ಕೆಂಚಿ ನರಿ

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಬೆಟ್ಟಗಳು ಆಗಷ್ಟೇ ಕೂರಲು ಜಾಗ ಹುಡುಕಿಕೊಂಡಿದ್ದವು. ಯಾವ ಕಡೆ ಹರಿಯಬೇಕೆಂದು ಹೊಳೆಗೆ ಗೊತ್ತಿರಲಿಲ್ಲ. ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳುತ್ತಿತ್ತು.

ಆಗ ಒಂದು ಕೆಂಪು ದಿಬ್ಬದ ಬಿಲದಲ್ಲಿ ಕೆಂಚಿ ಎಂಬ ತಾಯಿ ನರಿ ಇದ್ದಳು. ಬಿಲದೊಳಗೆ ಇನ್ನೂ ಕಣ್ಣು ಬಿಡದ ಮರಿಗಳಿದ್ದವು.

ಒಂದು ದಿನ ಮನುಷ್ಯರು ಬಂದರು. ಜಗತ್ತಿನ ಮೊದಲ ಪಟ್ಟಣವನ್ನು ಅಲ್ಲೇ ಕಟ್ಟಬೇಕೆಂದು ಅವರಿಗೆ ಅನ್ನಿಸಿತು. ಮನುಷ್ಯರು ಆಗಲೂ ಬಹಳ ನ್ಯಾಯವಂತರು. ಗುದ್ದಲಿ ಹಾಕುವ ಮೊದಲು "ಇಲ್ಲಿ ಯಾರಾದರೂ ಇದ್ದೀರಾ?" ಎಂದು ಕೂಗಬೇಕು, ಯಾರಾದರೂ ಓಗೊಟ್ಟರೆ ಆ ನೆಲ ಅವರಿಗೇ ಬಿಡಬೇಕು, ಇದು ಅವರ ಪದ್ಧತಿ. ಹಾಗೇ ಊರ ಯಜಮಾನ ದ್ಯಾವಣ್ಣ ದಿಬ್ಬದ ಮೇಲೆ ನಿಂತು, ಗಂಟಲು ಸರಿಮಾಡಿಕೊಂಡು ಕೂಗಿದ. ನಡುಮಧ್ಯಾಹ್ನ ಕೂಗಿದ.

ನಡುಮಧ್ಯಾಹ್ನ ನರಿ ಮಲಗಿರುತ್ತದೆ. ಮೊಲ ಮಲಗಿರುತ್ತದೆ. ಮುಳ್ಳುಹಂದಿಯಂತೂ ಗೊರಕೆ ಹೊಡೆಯುತ್ತಿರುತ್ತದೆ.

"ಯಾರೂ ಇಲ್ಲ," ಎಂದ ದ್ಯಾವಣ್ಣ. ಎಲ್ಲರಿಗೂ ಸಮಾಧಾನವಾಯಿತು. ಸಂಜೆಯೊಳಗೆ ಮನೆಗಳು ಎದ್ದವು. ಆಗ ಪರವಾನಗಿಗೆ ಅಲೆಯಬೇಕಿರಲಿಲ್ಲ.

ಕೆಂಚಿ ಎದ್ದಾಗ ಗಾಳಿ ಬಂದು ಸುದ್ದಿ ಹೇಳಿತು. "ಅವರು ಕೇಳಿದರು, ನೀನು ಮಾತಾಡಲಿಲ್ಲ."

"ನಡುಮಧ್ಯಾಹ್ನ ಯಾರಪ್ಪಾ ಮಾತಾಡ್ತಾರೆ?"

"ಅದನ್ನು ಅವರು ಕೇಳಲಿಲ್ಲ."

ಮೊಲ ಗಂಟುಮೂಟೆ ಕಟ್ಟಿತು. ಮುಳ್ಳುಹಂದಿ ನೆಂಟರ ಮನೆಗೆ ಹೊರಟಿತು. ಕೆಂಚಿ ಊರೊಳಗೆ ಹೊರಟಳು. ಹೆದರಿಕೆ ಇರಲಿಲ್ಲ ಎನ್ನುವಂತಿಲ್ಲ. ಬಾಲ ಕಾಲುಗಳ ನಡುವೆಯೇ ಇತ್ತು. ಆದರೆ ಕಾಲು ಮುಂದಕ್ಕೇ ಹೋಗುತ್ತಿತ್ತು.

ಕಂಕುಳಲ್ಲಿ ಕೂಸು ಎತ್ತಿಕೊಂಡು ಅಂಗಳ ಗುಡಿಸುತ್ತಿದ್ದ ಸಂಕವ್ವ ಕಿರುಚಿದಳು. "ಅಯ್ಯಯ್ಯೋ! ನಮ್ಮೂರಿಗೆ ನರಿ ಬಂದಿದೆ!"

"ನರಿ ಬಂದಿಲ್ಲ ಕಣವ್ವಾ," ಎಂದಳು ಕೆಂಚಿ. "ನರಿಯ ಅಂಗಳಕ್ಕೆ ಊರು ಬಂದಿದೆ."

ಜನ ಸೇರಿದರು. ಒಬ್ಬ ದೊಣ್ಣೆ ತಂದ. ಇನ್ನೊಬ್ಬ, "ನಾಯಿ ಇರಬೇಕು, ಸ್ವಲ್ಪ ಬಡಕಲಾಗಿದೆ," ಎಂದ.

"ನಾವು ಕೇಳಿದೆವು, ಯಾರೂ ಓಗೊಡಲಿಲ್ಲ," ಎಂದ ದ್ಯಾವಣ್ಣ.

"ಈಗ ಓಗೊಡ್ತಿದ್ದೇನಲ್ಲ! ಇದ್ದೇನೆ. ನನ್ನ ಮರಿಗಳೂ ಇದಾವೆ. ಎಲ್ಲಿಗೂ ಹೋಗಲ್ಲ."

ಸಂಕವ್ವ ಕೂಸನ್ನು ಆ ಕಂಕುಳಿಂದ ಈ ಕಂಕುಳಿಗೆ ಬದಲಿಸಿದಳು. "ಯಜಮಾನ್ರೇ, ಇಷ್ಟು ಹೊತ್ತಿನೊಳಗೇ ಓಗೊಡಬೇಕು ಅಂತ ನಾವೇನೂ ಹೇಳಿರಲಿಲ್ಲವಲ್ಲ?"

ದ್ಯಾವಣ್ಣ ಮೀಸೆ ನೀವಿಕೊಂಡ. "ಸರಿ. ಹಾಗಾದರೆ ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ 'ಇದ್ದೇನೆ' ಅಂತ ಕೂಗಬೇಕು. ಒಂದು ಸಂಜೆ ತಪ್ಪಿದರೂ ಬಿಲ ಮುಚ್ಚುತ್ತೇವೆ." ಆಮೇಲೆ ನಕ್ಕ. "ಕೂಗಿಕೋ ಹೋಗು! ನರಿ ಕೂಗು ಗಿರಿಗೆ ಮುಟ್ಟೀತೇ?"

"ಗಿರಿ ನನ್ನ ದಿಬ್ಬ ಕೇಳಿಲ್ಲ ಯಜಮಾನ್ರೇ. ನಿಮ್ಮ ಕಿವಿಗೆ ಮುಟ್ಟಿದರೆ ಸಾಕು."

ಅಂದಿನಿಂದ ಕೆಂಚಿ ಕೂಗಿದಳು. ಮಳೆ ಬಂತು, ಕೂಗಿದಳು. ಚಳಿ ಬಂತು, ಕೂಗಿದಳು. ದ್ಯಾವಣ್ಣನ ಮಗಳ ಮದುವೆಯಲ್ಲಿ ವಾಲಗ ಊದುವಾಗಲೂ ಕೂಗಿದಳು, ವಾಲಗದವನೇ ನಿಲ್ಲಿಸಬೇಕಾಯಿತು.

ಒಂದು ಸಂಜೆ ಕೆಂಚಿಯ ಗಂಟಲಿಗೆ ಮೀನಿನ ಮುಳ್ಳು ಸಿಕ್ಕಿಕೊಂಡಿತು. ದೀಪ ಹಚ್ಚಿದರು. ದಿಬ್ಬದ ಕಡೆಯಿಂದ ಸದ್ದಿಲ್ಲ. ದ್ಯಾವಣ್ಣ ಗುದ್ದಲಿ ಹಿಡಿದು ಬಂದ. ಮುಖದಲ್ಲಿ ಸಾಕಷ್ಟು ದುಃಖವನ್ನೂ ತಂದಿದ್ದ. ಹಿಂದೆ ಊರೇ ಬಂತು.

ಕೆಂಚಿ ಬಿಲದ ಬಾಯಿಗೆ ಅಡ್ಡ ನಿಂತಳು. ಬಾಯಿ ತೆರೆದಳು. ಬರೀ ಉಸಿರು ಬಂತು. ಹಲ್ಲು ಕಿರಿದಳು, ಸರಿಯಲಿಲ್ಲ. ಗುದ್ದಲಿ ಮೇಲೆದ್ದಿತು.

ಆಗ ಅವಳ ಕಾಲುಗಳ ನಡುವಿನಿಂದ ಕೀರಲು ದನಿಯೊಂದು ಬಂತು. "ಇದ್ದೇನೆ!"

ಅದು ಅವಳ ಮರಿ. ಬಿಲದೊಳಗಿನಿಂದ ಇನ್ನೊಂದು ಮರಿ, "ನಾನೂ ಇದ್ದೇನೆ!" ಎಂದಿತು. ಗಾಳಿ ಆ ದನಿಯನ್ನು ಎತ್ತಿಕೊಂಡು ಓಡಿತು. ಕೆರೆಯಾಚೆಯ ನರಿಗಳು, ಕಲ್ಲುಗುಡ್ಡದ ನರಿಗಳು, ಯಾರೂ ಕಂಡಿರದ ನರಿಗಳೆಲ್ಲ ಒಟ್ಟಿಗೆ ಕೂಗಿದವು. "ನಾವೂ ಇದ್ದೇವೆ! ಇದ್ದೇವೆ! ಇದ್ದೇವೆ!"

"ಕೇಳಿಸಿತಾ ಯಜಮಾನ್ರೇ?" ಎಂದಳು ಸಂಕವ್ವ.

ದ್ಯಾವಣ್ಣ ಗುದ್ದಲಿಯನ್ನು ಹೆಗಲಿಗೇರಿಸಿ, ಸುಮ್ಮನೆ ಗಾಳಿ ಸೇವನೆಗೆ ಬಂದವನಂತೆ ನಡೆದುಹೋದ.

ಅದಕ್ಕೇ ಮಗೂ, ಇವತ್ತಿಗೂ ಬೀದಿದೀಪ ಹೊತ್ತಿಕೊಳ್ಳುವಾಗ ನಮ್ಮ ಬಡಾವಣೆಯ ಕಾಂಪೌಂಡಿನಾಚೆ ಒಂದು ನರಿ ಊಳಿಟ್ಟರೆ, ಅದು ಮುಗಿಸುವ ಮೊದಲೇ ಇನ್ನೊಂದು, ಮತ್ತೊಂದು, ಆಮೇಲೆ ಎಲ್ಲವೂ ದನಿ ಸೇರಿಸುತ್ತವೆ. ಯಾರದೋ ಒಂದು ಗಂಟಲು ಕಟ್ಟಿತೆಂದು ಒಂದು ಸಂಜೆಯೂ ತಪ್ಪಬಾರದಲ್ಲ!