ನೋಟಿಸ್ ಪಡೆದ ಹಲ್ಲು

ಹುತ್ತದ ಮುಂದೆ ಕಪ್ಪೆಗಳು ಧರಣಿ ಕೂತವು. "ನಾಗಪ್ಪನವರೇ, ನಿಮ್ಮ ವಿಷದ ಹಲ್ಲು ನಿನ್ನೆ ನನ್ನ ತಮ್ಮನನ್ನು ಕಚ್ಚಿ ಕೊಂದಿದೆ" ಎಂದಳು ಕಪ್ಪೆಯಕ್ಕ.

ನಾಗರಹಾವು ಹೆಡೆ ತಗ್ಗಿಸಿತು. "ತೀವ್ರವಾಗಿ ಖಂಡಿಸುತ್ತೇನೆ. ಅದು ಹಲ್ಲಿನ ವೈಯಕ್ತಿಕ ನಿಲುವು, ನನ್ನದಲ್ಲ. ಆಗಲೇ ನೋಟಿಸ್ ಕೊಟ್ಟಿದ್ದೇನೆ. ಏಳು ದಿನದಲ್ಲಿ ಉತ್ತರ ಕೊಡಬೇಕು."

"ಅಲ್ಲಿಯವರೆಗೆ ಹಲ್ಲು ಎಲ್ಲಿರುತ್ತದೆ?"

"ಬಾಯಲ್ಲೇ. ಪಾಪ, ಹಳೆಯ ಕಾರ್ಯಕರ್ತ, ಬೀದಿಗೆ ಹಾಕಲಿಕ್ಕಾಗುತ್ತದೆಯೇ?"

ಕಪ್ಪೆಗಳು ಸಮಾಧಾನಗೊಂಡು, ಚಪ್ಪಾಳೆ ತಟ್ಟಿ ಹೊರಟವು. ಕಪ್ಪೆಯಕ್ಕ ಮಾತ್ರ ಹಾವಿನ ಉಬ್ಬಿದ ಹೊಟ್ಟೆಯನ್ನೇ ನೋಡುತ್ತಾ ನಿಂತಳು. "ಸ್ವಾಮಿ, ಹಲ್ಲು ಮಾಡಿದ್ದು ತಪ್ಪು ಅಂದಮೇಲೆ ನನ್ನ ತಮ್ಮನನ್ನು ಉಗುಳಿಬಿಡಿ. ಮಣ್ಣಾದರೂ ಮಾಡುತ್ತೇವೆ."

ಹಾವು ನಿಧಾನವಾಗಿ ತೇಗಿತು. "ನಾನು ಖಂಡಿಸಿದ್ದು ಹಲ್ಲನ್ನು ಕಣಕ್ಕಾ, ಊಟವನ್ನಲ್ಲ."